ಆಡು ಮುಟ್ಟದ ಗಿಡಗಳು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆ ಕಟ್ಟಿದವರು ಚಳ್ಳಕೆರೆ, ಹಿರಿಯೂರು ಕಡೆಯ ಗುಡ್ಡದಂಚಿನಲ್ಲಿ ಒಂದು ದಿನ ಓಡಾಡಿದ್ದರೆ ಮಾತನ್ನು ಸ್ವಲ್ಪ ತಿದ್ದುತ್ತಿದ್ದರೇನೋ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಡುಗಳದ್ದೇ ರಾಜ್ಯ. ಆದರೂ ಸೀತಾಫಲ, ಲಕ್ಕಿ, ಬಂದರಿಕೆ, ತಂಗಡಿ ತಮ್ಮ ಪಾಡಿಗೆ ತಾವು ಪೊದೆಗಟ್ಟಿಕೊಂಡು ನಿಂತಿರುತ್ತವೆ.

ಮಳೆಯಾಶ್ರಿತ ಹೊಲಕ್ಕೆ ಗಿಡ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಯಾವ ನರ್ಸರಿಯಲ್ಲೂ ಸಿಗದು. ನಮ್ಮ ಹೊಲದ ಬದುಗಳೇ ನನಗೆ ಇದನ್ನು ಕಲಿಸಿದ್ದು. ತಂತಿ ಬೇಲಿಗೆ ದುಡ್ಡು ಸುರಿಯಲಾಗದ ರೈತ ಮಳೆಯ ಲೆಕ್ಕಕ್ಕೂ ಮೊದಲು, ಕೊಯ್ಲು ಮುಗಿದ ಮೇಲೆ ಹೊಲಕ್ಕೆ ಯಾರ ಕುರಿ, ಯಾರ ಆಡು ನುಗ್ಗುತ್ತವೆ ಎಂಬ ಲೆಕ್ಕ ಹಾಕಬೇಕು. ಹೊರಗಿನ ಬದುವಿಗೆ ಲಕ್ಕಿ, ಬಂದರಿಕೆಯ ಸಾಲು ಬಂದರೆ ಅದೇ ಬೇಲಿ. ಆಡಿಗೆ ಪ್ರಿಯವಾದ ಕಮರ, ತುಗ್ಗಲಿ, ಬನ್ನಿ ಆ ಸಾಲಿನ ಒಳಗೆ ಇರಲಿ. ಬುಡಕ್ಕೆ ಒಂದೊಂದು ಹೊರೆ ಜಾಲಿ ಮುಳ್ಳೂ ಬೇಕು. ಹೊಂಗೆ ಎಲ್ಲಿದ್ದರೂ ಬದುಕುತ್ತದೆ. ಅದರ ಸೊಪ್ಪಿಗೆ ಆಡುಗಳು ಬಾಯಿ ಹಾಕುವುದು ಕಡಿಮೆ, ಬೇರುಗಳು ಸಾರಜನಕವನ್ನೂ ಮಣ್ಣಿಗೆ ಸೇರಿಸುತ್ತವೆ.

ಮಣ್ಣಿನ ಮಾತೇ ಬೇರೆ. ಗರಸು ಬೆರೆತ ಕೆಂಪು ನೆಲದಲ್ಲಿ ಸೀತಾಫಲ, ನೆಲ್ಲಿ, ಹುಣಸೆ ಒಗ್ಗಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಎರೆ ಹೊಲದಲ್ಲಿ ಎಳೆ ಬೇರೇ ಹರಿದುಹೋಗುತ್ತದೆ. ಅಲ್ಲಿ ಕರಿಜಾಲಿ, ಬೇವನ್ನು ಬಿಟ್ಟು ಬೇರೆಯದರ ಆಸೆ ಇಟ್ಟುಕೊಳ್ಳುವ ಮೊದಲು ಎರಡು ಸಲ ಯೋಚಿಸುವುದು ಒಳ್ಳೆಯದು.

ಕರಿಜಾಲಿಯ ಬೀಜಕ್ಕೆ ಕುರಿಹಟ್ಟಿಯೇ ನರ್ಸರಿ. ಮಣಿ ಪೋಣಿಸಿದಂತೆ ಕಾಣುವ ಅದರ ಕಾಯಿಯನ್ನು ಕುರಿಗಳು ಆಸೆಪಟ್ಟು ತಿನ್ನುತ್ತವೆ. ರಾತ್ರಿ ಮೆಲುಕು ಹಾಕುವಾಗ ಉಗುಳಿದ ಬೀಜ, ಹಿಕ್ಕೆಯಲ್ಲಿ ಬಿದ್ದ ಬೀಜ ಬೆಳಗ್ಗೆ ಹಟ್ಟಿಯ ನೆಲದ ತುಂಬ ಇರುತ್ತವೆ. ಮರದಿಂದ ನೇರವಾಗಿ ಕಿತ್ತ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ, ಮೊಳೆಯಲು ಸತಾಯಿಸುತ್ತದೆ. ಕುರಿಯ ಹೊಟ್ಟೆ ಸುತ್ತಿ ಬಂದದ್ದು ಬೇಗ ಒಡೆಯುತ್ತದೆ. ಹಟ್ಟಿ ಗುಡಿಸಿ ಆರಿಸಿಕೊಂಡರೆ ಬೀಜಕ್ಕೆ ಪೈಸೆ ಖರ್ಚಿಲ್ಲ. ಬೇವಿನ ಬೀಜದ ವಿಷಯದಲ್ಲಿ ಮಾತ್ರ ನಿಧಾನ ಸಲ್ಲದು. ಉದುರಿದ ಕೆಲವೇ ವಾರಗಳಲ್ಲಿ ಅದು ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣು ಬಿದ್ದ ಹಾಗೇ ತಿರುಳು ತೊಳೆದು ಊರಬೇಕು.

ಸಸಿ ಕೊಳ್ಳುವವರೆಲ್ಲ ಎತ್ತರದ ಸಸಿಗೇ ಕೈ ಹಾಕುತ್ತಾರೆ. ಚಿಕ್ಕ ಪ್ಯಾಕೆಟ್ಟಿನಲ್ಲಿ ಎರಡು ವರ್ಷ ಕಳೆದ ಸಸಿಯ ತಳವನ್ನು ಬ್ಲೇಡಿನಿಂದ ಸೀಳಿ ನೋಡಿದರೆ ತಾಯಿಬೇರು ಸಿಂಬಿ ಸುತ್ತಿಕೊಂಡಿರುವುದು ಕಾಣುತ್ತದೆ. ಹೊಲಕ್ಕೆ ಬಂದ ಮೇಲೂ ಅದು ನೆಟ್ಟಗೆ ಇಳಿಯುವುದು ಕಷ್ಟ. ಕಮರದಂಥ ಮರ ಮೊದಲ ವರ್ಷಗಳಲ್ಲಿ ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಇಳಿಯುವುದರಲ್ಲೇ ಮಗ್ನ. ಅದಕ್ಕೆ ಗೇಣುದ್ದದ, ಬೇರು ನೇರವಾಗಿರುವ ಸಸಿಯೇ ಲೇಸು.

ನೆಡುವ ಕಾಲವೂ ಊರಿಂದೂರಿಗೆ ಬೇರೆ. ಪರಿಸರ ದಿನವೆಂದು ಜೂನ್ 5ಕ್ಕೆ ನೆಡುವುದು ಮಲೆನಾಡಿಗೆ ಹೊಂದೀತು. ಚಳ್ಳಕೆರೆ ಸೀಮೆಯಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಆಷಾಢದ ಗಾಳಿ ಎಳೆ ಸಸಿಯ ಹಸಿಯನ್ನೆಲ್ಲ ಹೀರಿಬಿಡುತ್ತದೆ. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿಟ್ಟು, ಹುಬ್ಬೆ ಅಥವಾ ಉತ್ತರೆ ಮಳೆ ನೋಡಿಕೊಂಡು ನೆಡುವುದು ನಮ್ಮಲ್ಲಿ ಕೈ ಹಿಡಿದ ಲೆಕ್ಕ.

ಬೇಗ ಲಕ್ಷ ಎಣಿಸುವ ಆಸೆ ಹುಟ್ಟಿಸುವ ಗಿಡಗಳೂ ಇವೆ. ಹೆಬ್ಬೇವು ನೀರು ಕೊಟ್ಟಲ್ಲಿ ಸರಸರ ಏಳುತ್ತದೆ, ಬರೀ ಮಳೆ ನಂಬಿದಲ್ಲಿ ಕೋಲಾಗಿ ನಿಲ್ಲುತ್ತದೆ. ಶ್ರೀಗಂಧದ ಬೇರು ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದುಕೊಳ್ಳುವುದರಿಂದ ಮೊದಲಿಗೆ ತೊಗರಿ, ಆಮೇಲೆ ಹೊಂಗೆಯಂಥ ಆಸರೆ ಜೊತೆಗಿರಲೇಬೇಕು. ಕಳ್ಳರ ಕಾಟ ಬೇರೆ. ನೀಲಗಿರಿಯಂತೂ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳನ್ನೆಲ್ಲ ಆವರಿಸಿದ ಮೇಲೆ, 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

ಇನ್ನು, ಒಣಗಿ ಕಂಡ ನೆಲವೆಲ್ಲ ಮರ ಬೇಡುತ್ತದೆಂದೇನೂ ಇಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಲ್ಲಿ ಕೃಷ್ಣಮೃಗಗಳು ಉಳಿದಿರುವುದು ಹುಲ್ಲಿನಿಂದ. ಅಂಥ ಕಾವಲುಗಳಲ್ಲಿ ಗುಂಡಿ ತೋಡದಿರುವುದೇ ಉಪಕಾರ.

ಸ್ವಂತ ಹೊಲದಲ್ಲಿ ನೆಡುವವರಿಗೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಿದೆ. ಬದುಕುಳಿದ ಸಸಿಗಳನ್ನು ಎಣಿಸಿ ಮೂರು ವರ್ಷ ಕಂತಿನಲ್ಲಿ ಹಣ ಕೊಡುತ್ತಾರೆ. ಪಹಣಿ ಹಿಡಿದು ವಲಯ ಅರಣ್ಯ ಕಚೇರಿಗೆ ಬೇಸಿಗೆಯಲ್ಲೇ ಹೋಗಿ, ಬೇಕಾದ ಜಾತಿಯ ಹೆಸರು ಹೇಳಿ ಬರೆಸಿಬನ್ನಿ. ಮಳೆ ಹಿಡಿದ ಮೇಲೆ ಹೋದವರಿಗೆ ಉಳಿದ ಸಸಿಗಳಷ್ಟೇ ಸಿಗುತ್ತವೆ.