ಮನೆಯ ಈಜುಕೊಳದ ನಿರ್ವಹಣೆ: ಪುತ್ತೂರು, ಸುಳ್ಯ, ಕಡಬ – ಮುಖ್ಯಾಂಶಗಳು

ಸಾರ: ಈ ಮೂರು ತಾಲ್ಲೂಕುಗಳಲ್ಲಿ ಕೊಳದ ನೀರನ್ನು ಹೆಚ್ಚು ಕೆಡಿಸುವುದು ಬಿಸಿಲಲ್ಲ, ಮಳೆ. ಹಾಗಾಗಿ ನಿರ್ವಹಣೆಯ ಲೆಕ್ಕ ಶುರುವಾಗಬೇಕಾದದ್ದು ಮಳೆಗಾಲದಿಂದ.

1. ಪ್ರದೇಶ ಮತ್ತು ನೀರು

- ಕಡಬ: ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಿದ ಹೊಸ ತಾಲ್ಲೂಕು. ಕುಕ್ಕೆ ಸುಬ್ರಹ್ಮಣ್ಯ ಈಗ ಇದರಲ್ಲಿದೆ.
- ನದಿಗಳು: ಕುಮಾರಧಾರಾ ನದಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಕಾಸರಗೋಡಿನತ್ತ ಹರಿದು ಚಂದ್ರಗಿರಿಯಾಗುತ್ತದೆ.
- ಸಾರ್ವಜನಿಕ ಈಜುಕೊಳ: ಪುತ್ತೂರಿನ ಪರ್ಲಡ್ಕದ ಡಾ. ಶಿವರಾಮ ಕಾರಂತ ಬಾಲವನದಲ್ಲಿದೆ.
- ಮಳೆ: ವರ್ಷಕ್ಕೆ ಸುಮಾರು 4,000 ಮಿ.ಮೀ.; ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.
- ನೆಲ: ಮುರಕಲ್ಲು. ಇಂಥ ನೆಲದ ಬಾವಿನೀರು ಸಾಮಾನ್ಯವಾಗಿ ತುಸು ಆಮ್ಲೀಯ, ಕ್ಷಾರೀಯತೆ ಕಡಿಮೆ.
- ಕಬ್ಬಿಣ: ಕೊಳವೆಬಾವಿಯಿಂದ ತಿಳಿಯಾಗಿಯೇ ಬಂದ ನೀರು ಕ್ಲೋರಿನ್ ಬಿದ್ದೊಡನೆ ಕಂದು ಬಣ್ಣಕ್ಕೆ ತಿರುಗಿದರೆ, ಅದರಲ್ಲಿ ಕರಗಿದ್ದ ಕಬ್ಬಿಣ ಆಕ್ಸೀಕರಣಗೊಂಡಿದೆ ಎಂದರ್ಥ. ನೀರು ಚೆಲ್ಲಬೇಕಿಲ್ಲ, ಸತತವಾಗಿ ಸೋಸಿ, ಫಿಲ್ಟರನ್ನು ಆಗಾಗ ತೊಳೆಯಬೇಕು.

2. ನೆನಪಿಡಬೇಕಾದ ಪ್ರಮಾಣಗಳು

- ಪಿಎಚ್: 7.2 – 7.8
- ಮುಕ್ತ ಕ್ಲೋರಿನ್: 1 – 3 ಪಿಪಿಎಂ
- ಒಟ್ಟು ಕ್ಷಾರೀಯತೆ: 80 – 120 ಪಿಪಿಎಂ
- ಕ್ಯಾಲ್ಸಿಯಂ ಗಡಸುತನ: 200 – 400 ಪಿಪಿಎಂ
- ಸಯನ್ಯೂರಿಕ್ ಆಮ್ಲ (ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವುದು): 30 – 50 ಪಿಪಿಎಂ
- ಕೊಳದ ನೀರಿನ ಗುಣಮಟ್ಟಕ್ಕೆ ಭಾರತೀಯ ಮಾನದಂಡ: ಐಎಸ್ 3328
- 1 ಪಿಪಿಎಂ = ಲೀಟರಿಗೆ 1 ಮಿ.ಗ್ರಾಂ.

3. ಮಾದರಿ ಲೆಕ್ಕ

- ಸೂತ್ರ: ಉದ್ದ × ಅಗಲ × ಸರಾಸರಿ ಆಳ (ಮೀಟರ್‌ಗಳಲ್ಲಿ) × 1,000 = ಲೀಟರ್.
- 8 × 4 × 1.25 ಮೀ. ಕೊಳದಲ್ಲಿ 40,000 ಲೀಟರ್ ನೀರು.
- 8 ಗಂಟೆಗೊಮ್ಮೆ ಪೂರ್ತಿ ನೀರು ಸೋಸಲು ಗಂಟೆಗೆ 5,000 ಲೀಟರ್ ಹಾಯಿಸುವ ಪಂಪ್ ಬೇಕು.
- ಕ್ಲೋರಿನ್ 1 ಪಿಪಿಎಂ ಏರಿಸಲು 40 ಗ್ರಾಂ ಶುದ್ಧ ಕ್ಲೋರಿನ್. ಅಂದರೆ ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 62 ಗ್ರಾಂ, ಶೇ 33ರ ಬ್ಲೀಚಿಂಗ್ ಪೌಡರ್ ಸುಮಾರು 120 ಗ್ರಾಂ.
- ಕ್ಷಾರೀಯತೆ 10 ಪಿಪಿಎಂ ಏರಿಸಲು ಅಡುಗೆ ಸೋಡಾ ಸುಮಾರು 670 ಗ್ರಾಂ.
- ಇದೇ ಕೊಳದ 32 ಚದರ ಮೀಟರ್ ಬಾಯಿಗೆ ವರ್ಷದಲ್ಲಿ ಬೀಳುವ ಮಳೆನೀರು 1,28,000 ಲೀಟರ್. ಕೊಳ ಹಿಡಿಯುವುದರ ಮೂರು ಪಟ್ಟಿಗೂ ಹೆಚ್ಚು.

4. ಕ್ಲೋರಿನ್ ಕೆಲಸ ಮಾಡುವ ಬಗೆ

- ರೋಗಾಣು ಕೊಲ್ಲುವಲ್ಲಿ ಪ್ರಬಲವಾದದ್ದು ಹೈಪೋಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಮುಕ್ತ ಕ್ಲೋರಿನ್ನಿನ ಸುಮಾರು ಅರ್ಧದಷ್ಟು ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಮೊದಲು ಪಿಎಚ್ ಸರಿಪಡಿಸಿ, ನಂತರ ಕ್ಲೋರಿನ್ ಹಾಕಬೇಕು.
- ರಕ್ಷಣೆಯಿಲ್ಲದ ಕ್ಲೋರಿನ್ ಕಡು ಬಿಸಿಲಿಗೆ ಕೆಲವೇ ಗಂಟೆಗಳಲ್ಲಿ ಬಹುಪಾಲು ನಾಶವಾಗುತ್ತದೆ. ಹಾಕಲು ತಕ್ಕ ಹೊತ್ತು ಸಂಜೆ.
- ಬ್ಲೀಚಿಂಗ್ ಪೌಡರನ್ನು ಬಕೆಟ್ ನೀರಿನಲ್ಲಿ ಕದಡಿ, ತಳದಲ್ಲಿ ಸುಣ್ಣ ಕೂತ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು.

5. ಶುಚಿಗೊಳಿಸುವ ಕ್ರಮ

- ದಿನವೂ: ತೇಲುವ ಎಲೆ, ಕಸ ಜಾಲರಿಯಿಂದ ತೆಗೆಯುವುದು, ಪಂಪ್ ಓಡಿಸುವುದು, ಪಿಎಚ್, ಕ್ಲೋರಿನ್ ಪರೀಕ್ಷೆ.
- ವಾರಕ್ಕೊಮ್ಮೆ: ಗೋಡೆ, ಮೆಟ್ಟಿಲು ಉಜ್ಜುವುದು, ತಳದ ಕೆಸರನ್ನು ವ್ಯಾಕ್ಯೂಮ್‌ನಿಂದ ಎಳೆಯುವುದು, ಕ್ಷಾರೀಯತೆ ಪರೀಕ್ಷೆ.
- ಮರಳು ಫಿಲ್ಟರ್: ತೊಳೆದಾಗಿನ ಒತ್ತಡಕ್ಕಿಂತ 8–10 ಪಿಎಸ್‌ಐ ಏರಿದಾಗ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು.
- ಫಿಲ್ಟರ್ ತೊಳೆದ ನೀರನ್ನು ನೇರ ತೋಡಿಗೆ ಬಿಡಬಾರದು. ಕ್ಲೋರಿನ್ ಮೀನುಗಳಿಗೆ ವಿಷ. ಗುಂಡಿಯಲ್ಲಿ ನಿಲ್ಲಿಸಿ, ಕ್ಲೋರಿನ್ ಆರಿದ ಮೇಲೆ ಇಂಗಿಸಬೇಕು.

6. ಮಳೆಗಾಲ ಮತ್ತು ಅಡಿಕೆ ತೋಟ

- ಮಳೆನೀರಿನಲ್ಲಿ ಕ್ಷಾರೀಯತೆಯೂ ಕ್ಯಾಲ್ಸಿಯಮ್ಮೂ ಇಲ್ಲವೆನ್ನುವಷ್ಟು ಕಡಿಮೆ. ಕೊಳ ತುಂಬಿ ಹರಿದಷ್ಟೂ ಎರಡೂ ಇಳಿಯುತ್ತವೆ. ಪಿಎಚ್ ಏರಿಳಿಯತೊಡಗುತ್ತದೆ, ನೀರು ಸಿಮೆಂಟ್ ಗಾರೆಯನ್ನು ಕೊರೆಯುತ್ತದೆ.
- ದೊಡ್ಡ ಮಳೆಯ ಮರುದಿನ: ಕಸ ತೆಗೆ, ನೀರಿನ ಮಟ್ಟ ಇಳಿಸು, ಕ್ಷಾರೀಯತೆ ಸರಿಪಡಿಸು, ಕ್ಲೋರಿನ್ ಹಾಕು – ಇದೇ ಅನುಕ್ರಮ.
- ಗುಡ್ಡದ ಕೆಂಪು ರಾಡಿ ಒಳಬರದಂತೆ ಕೊಳದ ಸುತ್ತ ಚರಂಡಿ ಬೇಕು. ಬಂದರೆ ಆಲಂ ಹಾಕಿ, ಕೆಸರು ತಳ ಸೇರಿದ ಮೇಲೆ ಫಿಲ್ಟರ್ ಬಳಸದೆ ನೇರ ಹೊರಕ್ಕೆ ಎಳೆಯಬೇಕು.
- ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಕೊಳ ಬರಿದು ಮಾಡಬಾರದು. ಅಂತರ್ಜಲ ಮೇಲೆ ಬಂದಾಗ ಖಾಲಿ ಕೊಳವನ್ನು ಅಡಿಯಿಂದ ಎತ್ತಿ ಬಿರುಕು ಬಿಡಿಸಬಲ್ಲದು. ಬರಿದು ಮಾಡಿ ದುರಸ್ತಿ ಮಾಡಲು ಬೇಸಿಗೆ ಸೂಕ್ತ.
- ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೊ ದ್ರಾವಣ = 1 ಕೆ.ಜಿ. ಮೈಲುತುತ್ತು + 1 ಕೆ.ಜಿ. ಸುಣ್ಣ + 100 ಲೀಟರ್ ನೀರು. ಸಿಂಪಡಿಸುವ ದಿನ ಕೊಳ ಮುಚ್ಚಬೇಕು.
- ಮೈಲುತುತ್ತು ಪಾಚಿಯನ್ನೂ ಕೊಲ್ಲುತ್ತದೆ ನಿಜ. ಆದರೆ ತಾಮ್ರ ಹೆಚ್ಚಾದರೆ ಗೋಡೆಗೆ ಕಲೆ, ಕೂದಲಿಗೆ ಹಸಿರು. ತೋಟದ ಅಳತೆ ಕೊಳಕ್ಕೆ ಸಲ್ಲದು.

7. ಆರೋಗ್ಯ ಮತ್ತು ಸುರಕ್ಷತೆ

- ಡೆಂಗಿ: ಈಡಿಸ್ ಸೊಳ್ಳೆ ಮೊಟ್ಟೆಯಿಂದ ಬೆಳೆಯಲು ಸುಮಾರು 8–10 ದಿನ ಸಾಕು. ಕೊಳದ ಹೊದಿಕೆಯ ಮೇಲೆ ನಿಂತ ಮಳೆನೀರು, ಬದಿಯಲ್ಲಿ ಬಿದ್ದ ಅಡಿಕೆ ಹಾಳೆ ಎರಡೂ ಅದರ ತಾಣ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು.
- ಅಮೀಬಾ ಮಿದುಳು ಜ್ವರ: ನೆಗ್ಲೇರಿಯಾ ಫೌಲೆರಿ ಬೆಚ್ಚಗಿನ ಸಿಹಿನೀರಿನಲ್ಲಿ ಬೆಳೆದು ಮೂಗಿನ ಮೂಲಕ ಮಿದುಳು ಸೇರುತ್ತದೆ, ಕುಡಿದರೆ ಬರುವುದಿಲ್ಲ. ನೆರೆಯ ಕೇರಳದಲ್ಲಿ 2024ರಲ್ಲಿ ಇದರಿಂದ ಮಕ್ಕಳು ಸತ್ತರು. ತಡೆ: ಸತತ ಕ್ಲೋರಿನ್.
- ರಾಸಾಯನಿಕವನ್ನು ನೀರಿಗೆ ಹಾಕಬೇಕು. ರಾಸಾಯನಿಕದ ಮೇಲೆ ನೀರು ಸುರಿಯಬಾರದು. ಬ್ಲೀಚಿಂಗ್ ಪೌಡರ್ ಆಮ್ಲದೊಡನೆ ಬೆರೆತರೆ ವಿಷಾನಿಲ.
- ನಾಲ್ಕೂ ಬದಿ ಬೇಲಿ, ಮಕ್ಕಳ ಕೈಗೆ ಸಿಗದ ಚಿಲಕ, ಪಂಪಿಗೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಕಡ್ಡಾಯವಾಗಿರಲಿ. ಗುಡುಗು ಕೇಳಿದರೆ ನೀರಿನಿಂದ ಏಳಬೇಕು.

8. ಸಾಮಾನ್ಯವಾಗಿ ತಪ್ಪುವ ಉತ್ತರಗಳು

- ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಗಿದೆಯೇ? ಅಲ್ಲ. ಬೆವರು, ಮೂತ್ರದೊಡನೆ ಸೇರಿ ಉಂಟಾದ ಕ್ಲೋರಮೀನ್ ಅದು. ಇನ್ನಷ್ಟು ಕ್ಲೋರಿನ್ ಹಾಕಿ ಒಡೆಯಬೇಕು.
- ತಿಳಿಯಾಗಿ ಕಾಣುವ ನೀರು ಸುರಕ್ಷಿತವೇ? ಪರೀಕ್ಷಿಸದೆ ಹೇಳಲಾಗದು.
- ಮಳೆಗಾಲದಲ್ಲಿ ಯಾರೂ ಈಜುವುದಿಲ್ಲವೆಂದು ಪಂಪ್ ನಿಲ್ಲಿಸಬಹುದೇ? ನಿಲ್ಲಿಸಬಾರದು. ಈ ತಾಲ್ಲೂಕುಗಳಲ್ಲಿ ಕೊಳಕ್ಕೆ ಹೆಚ್ಚು ಕೆಲಸ ಇರುವುದೇ ಆ ನಾಲ್ಕು ತಿಂಗಳು.