ಕಿರುಪದದ ಹಿರಿಮೆ

ಆಶಯ: ಒಂದು ಭಾಷೆಯನ್ನು ಕಲಿಯುವವನಿಗೆ ಬಿಡಿ ಪದಗಳ ಅರ್ಥ ತಿಳಿದರೆ ಸಾಲದು. ಪದಗಳು ಒಂದರೊಡನೊಂದು ಕೂಡಿದಾಗ ಹುಟ್ಟುವ ಹೊಸ ಅರ್ಥವೂ ತಿಳಿದಿರಬೇಕು. ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಕರೆಯುವ ಜೋಡುಕ್ರಿಯೆಗಳನ್ನು ಕನ್ನಡದ ನುಡಿಗಟ್ಟುಗಳೊಡನೆ ಹೋಲಿಸಿ, ಅವುಗಳನ್ನು ಕಲಿಯುವ ಬಗೆಯನ್ನು ಈ ಪ್ರಬಂಧ ವಿವರಿಸುತ್ತದೆ.

ತುಂಗೆಯೂ ಭದ್ರೆಯೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟುತ್ತವೆ. ಹುಟ್ಟಿದ ಮೇಲೆ ಅವುಗಳ ದಾರಿ ಬೇರೆ ಬೇರೆ. ತುಂಗೆ ಶಿವಮೊಗ್ಗ ನಗರವನ್ನು ಹಾದು ಬರುತ್ತದೆ. ಭದ್ರೆ ಭದ್ರಾವತಿಯ ನಡುವೆ ಹರಿಯುತ್ತದೆ. ಕೂಡಲಿ ಎಂಬಲ್ಲಿ ಎರಡೂ ಸಂಗಮಿಸುತ್ತವೆ. ಅಲ್ಲಿಂದ ಮುಂದಕ್ಕೆ ಆ ನೀರನ್ನು ತುಂಗೆಯೆಂದೂ ಕರೆಯುವುದಿಲ್ಲ, ಭದ್ರೆಯೆಂದೂ ಕರೆಯುವುದಿಲ್ಲ, ಅದು ತುಂಗಭದ್ರೆ. ಆ ಹೊಳೆಯಿಂದ ಒಂದು ಬೊಗಸೆ ನೀರನ್ನೆತ್ತಿ, ಇದರಲ್ಲಿ ತುಂಗೆಯ ಪಾಲೆಷ್ಟು, ಭದ್ರೆಯ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಯಾರಿಂದಲೂ ಆಗದು.

ಭಾಷೆಯಲ್ಲಿಯೂ ಇಂಥ ಕೂಡಲಿಗಳುಂಟು. ಇಂಗ್ಲಿಷಿನ ‘ಗಿವ್’ ಎಂಬ ಕ್ರಿಯಾಪದಕ್ಕೆ ‘ಕೊಡು’ ಎಂದು ಅರ್ಥ. ‘ಅಪ್’ ಎಂಬ ಅವ್ಯಯಕ್ಕೆ ‘ಮೇಲಕ್ಕೆ’ ಎಂದು ಅರ್ಥ. ಇವೆರಡೂ ಮೂರನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ‘ಗಿವ್ ಅಪ್’ ಎಂದರೆ ‘ಮೇಲಕ್ಕೆ ಕೊಡು’ ಎಂದಲ್ಲ; ‘ಕೈಬಿಡು’ ಎಂದರ್ಥ. ‘ಹಿ ಗೇವ್ ಅಪ್ ಸ್ಮೋಕಿಂಗ್’ ಎಂದರೆ ಅವನು ಬೀಡಿ ಸಿಗರೇಟು ಸೇದುವುದನ್ನು ಬಿಟ್ಟುಬಿಟ್ಟನು ಎಂದು. ‘ಅಪ್’ ಇದ್ದ ಸ್ಥಳದಲ್ಲಿ ‘ಇನ್’ ಬಂದು ಕುಳಿತರೆ, ‘ಗಿವ್ ಇನ್’ ಎಂಬುದಕ್ಕೆ ‘ಮಣಿ, ಸೋತು ಒಪ್ಪಿಕೊ’ ಎಂದರ್ಥ. ‘ಅವೇ’ ಬಂದರೆ ‘ದಾನವಾಗಿ ಕೊಟ್ಟುಬಿಡು’ ಎಂದೂ ಆಗುತ್ತದೆ, ‘ಗುಟ್ಟನ್ನು ಹೊರಗೆಡಹು’ ಎಂದೂ ಆಗುತ್ತದೆ. ಕ್ರಿಯಾಪದ ಇದ್ದಂತೆಯೇ ಇದೆ. ಅದರ ಬೆನ್ನಿಗೆ ನಿಂತ ಕಿರುಪದ ಮಾತ್ರ ಬದಲಾಯಿತು. ಅಷ್ಟರಿಂದಲೇ ಅರ್ಥ ಎಲ್ಲಿಂದೆಲ್ಲಿಗೋ ಹೋಯಿತು.

ಇವು ನಮಗೆ ಮಾತ್ರ ತೊಡಕೆನಿಸುತ್ತವೆ ಎಂದು ಭಾವಿಸಬೇಕಾಗಿಲ್ಲ. 1755ರಲ್ಲಿ ತನ್ನ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್‌ಸನ್, ಪರದೇಶೀಯರಿಗೆ ಇಂಗ್ಲಿಷಿನಲ್ಲಿ ಅತ್ಯಂತ ಕಷ್ಟವನ್ನುಂಟುಮಾಡುವುದು ಕ್ರಿಯಾಪದದ ಹಿಂದೆ ಕಿರುಪದವನ್ನು ಸೇರಿಸುವ ಈ ಪದ್ಧತಿಯೇ ಎಂಬುದನ್ನು ಅದರ ಮುನ್ನುಡಿಯಲ್ಲಿ ಗುರುತಿಸಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. ಲೋಗನ್ ಪಿಯರ್‌ಸಾಲ್ ಸ್ಮಿತ್ ಎಂಬ ಲೇಖಕನು 1925ರ ತನ್ನ ಗ್ರಂಥದಲ್ಲಿ ಅದನ್ನು ಬಳಸಿ, ಈ ಹೆಸರನ್ನು ಸೂಚಿಸಿದವನು ನಿಘಂಟುಕಾರ ಹೆನ್ರಿ ಬ್ರ್ಯಾಡ್ಲಿ ಎಂದು ಹೇಳಿದನು. ಹೆಸರು ಹೊಸದಾದರೂ ವಸ್ತು ಹಳೆಯದು.

ಈಗ ನಮ್ಮ ನುಡಿಯ ಕಡೆಗೆ ತಿರುಗಿ ನೋಡೋಣ. ಕನ್ನಡ ಕಲಿಯಲು ಬಂದ ಪರದೇಶೀಯನೊಬ್ಬನು ‘ಗೆಳೆಯ ಕೈಕೊಟ್ಟ’ ಎಂಬ ಮಾತನ್ನು ಕೇಳಿದನೆನ್ನಿ. ಕೈ ಎಂದರೇನೆಂದು ಅವನಿಗೆ ಗೊತ್ತು, ಕೊಡು ಎಂದರೇನೆಂದೂ ಗೊತ್ತು. ಗೆಳೆಯನು ಸಹಾಯಹಸ್ತ ನೀಡಿದನೆಂದು ತಿಳಿದು ಅವನು ಸಂತೋಷಪಡುತ್ತಾನೆ. ಆದರೆ ಗೆಳೆಯನು ಮಾಡಿದ್ದು ಮೋಸ! ‘ಕಿವಿಗೊಡು’ ಎಂದರೆ ಗಮನವಿಟ್ಟು ಕೇಳು. ‘ಹೇಳಿಕೊಡು’ ಎಂದರೆ ಕಲಿಸು. ‘ಬಿಟ್ಟುಕೊಡು’ ಎಂದರೆ ಹಕ್ಕನ್ನು ತ್ಯಾಗಮಾಡು. ‘ಕೊಡು’ ಎಂಬ ಒಂದೇ ಕ್ರಿಯೆ ಎಷ್ಟು ವೇಷಗಳನ್ನು ಧರಿಸಿತು ನೋಡಿರಿ. ಹಾಗೆಯೇ ಕೈಹಿಡಿ, ಕೈಬಿಡು, ಕೈಹಾಕು, ಕೈಮೀರು, ಕೈಗೂಡು ಎಂಬ ಮಾತುಗಳು. ಇವುಗಳಲ್ಲಿ ಯಾವುದನ್ನೂ ನಾವು ನಿಘಂಟು ನೋಡಿ ಕಲಿಯಲಿಲ್ಲ. ಅಡುಗೆಮನೆಯಲ್ಲಿ, ಜಗುಲಿಯಲ್ಲಿ, ಸಂತೆಯಲ್ಲಿ ಇಡಿಯ ಮಾತಾಗಿ ಕೇಳಿ ಕಲಿತೆವು.

ಸಂಸ್ಕೃತದಿಂದ ಬಂದ ಪದಗಳಲ್ಲಿಯೂ ಇದೇ ಚಮತ್ಕಾರ ಕಾಣುತ್ತದೆ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಐದು ಪದಗಳಲ್ಲಿ ಧಾತು ಒಂದೇ. ಮುಂದೆ ಬಂದ ಉಪಸರ್ಗ ಬೇರೆಯಾದುದರಿಂದ ಒಂದು ಊಟವಾಯಿತು, ಇನ್ನೊಂದು ಸುತ್ತಾಟವಾಯಿತು, ಮತ್ತೊಂದು ಪೆಟ್ಟಾಯಿತು, ನಾಲ್ಕನೆಯದು ಕೊಲೆಯಾಯಿತು, ಐದನೆಯದು ಕಷ್ಟನಿವಾರಣೆಯಾಯಿತು. ಇಂಗ್ಲಿಷಿಗೂ ಇವಕ್ಕೂ ಇರುವ ವ್ಯತ್ಯಾಸ ಮುಖ್ಯವಾಗಿ ಸ್ಥಾನದ್ದು. ಸಂಸ್ಕೃತದಲ್ಲಿ ಅರ್ಥವನ್ನು ಬದಲಾಯಿಸುವ ಅಂಶ ಧಾತುವಿನ ಮುಂದೆ ಅಂಟಿಕೊಂಡು ಬರುತ್ತದೆ. ‘ಕೈಬಿಡು’ವಿನಂಥ ಕನ್ನಡದ ಮಾತುಗಳಲ್ಲಿಯೂ ಕ್ರಿಯೆಗೆ ಮೊದಲೇ ಅದು ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕ್ರಿಯೆಯ ಹಿಂದೆ, ಬಿಡಿಪದವಾಗಿ ನಿಲ್ಲುತ್ತದೆ. ನಮ್ಮ ಕಣ್ಣು ಕ್ರಿಯಾಪದದ ಬಳಿಯೇ ನಿಂತುಬಿಡುವುದರಿಂದ ಹಿಂದಿರುವ ಕಿರುಪದ ಗಮನಕ್ಕೆ ಬಾರದೆ ಜಾರಿಹೋಗುತ್ತದೆ. ತಪ್ಪುಗಳು ಹುಟ್ಟುವುದು ಅಲ್ಲಿಯೇ.

‘ಲುಕ್’ ಎಂಬ ಪದದ ಸಂಸಾರವನ್ನು ನೋಡಿರಿ. ಬರಿಯ ‘ಲುಕ್’ ಎಂದರೆ ನೋಡು. ‘ಲುಕ್ ಆಫ್ಟರ್’ ಎಂದರೆ ನೋಡಿಕೊ, ಪಾಲಿಸು. ‘ಲುಕ್ ಫಾರ್’ ಎಂದರೆ ಹುಡುಕು. ‘ಲುಕ್ ಇಂಟು’ ಎಂದರೆ ವಿಚಾರಣೆ ಮಾಡು. ‘ಲುಕ್ ಅಪ್’ ಎಂದರೆ ನಿಘಂಟಿನಲ್ಲಿ ಪದವನ್ನು ತೆಗೆದು ನೋಡು. ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣು. ಮುದುಕಿಯಾದ ಅಜ್ಜಿಯನ್ನು ಮೊಮ್ಮಗಳು ‘ಲುಕ್ ಆಫ್ಟರ್’ ಮಾಡುತ್ತಾಳೆ ಎನ್ನುವುದಕ್ಕೂ ‘ಲುಕ್ ಫಾರ್’ ಮಾಡುತ್ತಾಳೆ ಎನ್ನುವುದಕ್ಕೂ ಎಷ್ಟು ಅಂತರ! ಮೊದಲನೆಯದರಲ್ಲಿ ಅಜ್ಜಿ ಮನೆಯಲ್ಲಿ ಸುಖವಾಗಿದ್ದಾಳೆ. ಎರಡನೆಯದರಲ್ಲಿ ಅಜ್ಜಿ ಕಳೆದುಹೋಗಿದ್ದಾಳೆ.

ಒಂದೇ ಜೋಡಿಗೆ ಹಲವು ಅರ್ಥಗಳಿರುವುದೂ ಉಂಟು. ಗುಡಿಯ ಬಾಗಿಲಲ್ಲಿ ಪಾದರಕ್ಷೆಗಳನ್ನು ಕಳಚುವುದು ‘ಟೇಕ್ ಆಫ್’. 2023ರಲ್ಲಿ ಆರಂಭವಾದ ಶಿವಮೊಗ್ಗೆಯ ಸೋಗಾನೆಯ ವಿಮಾನನಿಲ್ದಾಣದಲ್ಲಿ ವಿಮಾನ ನೆಲಬಿಟ್ಟು ಮೇಲೇರುವುದೂ ‘ಟೇಕ್ ಆಫ್’. ಇಲ್ಲಿ ಅರ್ಥವನ್ನು ನಿರ್ಧರಿಸುವುದು ಸಂದರ್ಭ. ಚಪ್ಪಲಿ ಹಾರುವುದಿಲ್ಲ, ವಿಮಾನವನ್ನು ಯಾರೂ ಕಳಚಿಡುವುದಿಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿಚಿತ್ರವನ್ನು ಬಹುಕಾಲದಿಂದ ಕಂಡಿದ್ದೇನೆ. ‘ಪೋಸ್ಟ್‌ಪೋನ್’, ‘ಟಾಲರೇಟ್’, ‘ಎಕ್ಸ್‌ಟಿಂಗ್ವಿಶ್’ ಎಂಬ ಉದ್ದುದ್ದ ಪದಗಳು ಅವರಿಗೆ ಬೇಗನೆ ಬರುತ್ತವೆ. ಅದೇ ಅರ್ಥದ ‘ಪುಟ್ ಆಫ್’, ‘ಪುಟ್ ಅಪ್ ವಿತ್’, ‘ಪುಟ್ ಔಟ್’ ಎದುರಾದಾಗ ಗಲಿಬಿಲಿಗೊಳ್ಳುತ್ತಾರೆ. ಇದಕ್ಕೆ ಕಾರಣವಿದೆ. ಆ ಉದ್ದ ಪದಗಳು ಲ್ಯಾಟಿನ್ ಮೂಲದವು, ಗ್ರಂಥದ ಭಾಷೆಗೆ ಸೇರಿದವು. ಒಂದು ಪದಕ್ಕೆ ಒಂದು ಅರ್ಥವನ್ನು ಬಾಯಿಪಾಠ ಮಾಡಿದರೆ ಸಾಕು. ಜೋಡುಕ್ರಿಯೆಗಳಾದರೋ ಇಂಗ್ಲಿಷಿನ ಮನೆಮಾತು. ನಮ್ಮಲ್ಲಿ ‘ಪರಿತ್ಯಜಿಸು’ ಎಂಬುದು ಗ್ರಂಥದಲ್ಲಿದ್ದು ‘ಬಿಟ್ಟುಬಿಡು’ ಎಂಬುದು ಬಾಯಲ್ಲಿರುವ ಹಾಗೆ. ನಾವು ಇಂಗ್ಲಿಷನ್ನು ಪುಸ್ತಕದಿಂದ ಕಲಿತವರಾದುದರಿಂದ ದಿವಾನಖಾನೆಯ ಪರಿಚಯ ನಮಗಾಯಿತು, ಅಡುಗೆಮನೆಯ ಪರಿಚಯ ಆಗಲಿಲ್ಲ.

ಆದರೆ ಈ ಮಾತುಗಳು ಮನೆಯೊಳಗೇ ಕುಳಿತಿರುವುದಿಲ್ಲ; ಕಾರ್ಖಾನೆ, ಕಚೇರಿಗಳಲ್ಲಿಯೂ ಓಡಾಡುತ್ತವೆ. ಭದ್ರಾವತಿಯ ಚರಿತ್ರೆಯನ್ನೇ ಐದಾರು ಜೋಡುಕ್ರಿಯೆಗಳಲ್ಲಿ ಹೇಳಬಹುದು. ಹಿಂದೆ ಬೆಂಕಿಪುರವೆನಿಸಿದ್ದ ಆ ಊರಿನಲ್ಲಿ ಮೈಸೂರು ಸರ್ಕಾರವು ಕಬ್ಬಿಣದ ಕಾರ್ಖಾನೆಯನ್ನು ‘ಸೆಟ್ ಅಪ್’ ಮಾಡಿತು, ಎಂದರೆ ಸ್ಥಾಪಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಅದಕ್ಕೆ ಆಧಾರವಾದವು. 1923ರಲ್ಲಿ ಉತ್ಪಾದನೆ ಆರಂಭವಾಯಿತು. ಊದುಕುಲುಮೆಗೆ ಗಾಳಿ ಹಾಯಿಸಿ ಕೆಲಸ ಆರಂಭಿಸುವುದನ್ನು ಆ ಕಸುಬಿನವರು ‘ಬ್ಲೋ ಇನ್’ ಎನ್ನುತ್ತಾರೆ. ಕುಲುಮೆಯನ್ನು ಆರಿಸಿ ನಿಲ್ಲಿಸುವುದನ್ನು ‘ಬ್ಲೋ ಔಟ್’ ಎನ್ನುತ್ತಾರೆ. ಮನೆಯಲ್ಲಿ ದೀಪವನ್ನು ಊದಿ ಆರಿಸುವುದಕ್ಕೂ ಇದೇ ‘ಬ್ಲೋ ಔಟ್’. ಯಂತ್ರ ಕೆಟ್ಟು ನಿಂತರೆ ‘ಬ್ರೇಕ್ ಡೌನ್’. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರವು ಕಾರ್ಖಾನೆಯನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಅದು ‘ಟೇಕ್ ಓವರ್’. 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಊರಿನ ಬಾಯಲ್ಲೆಲ್ಲ ‘ಕ್ಲೋಸ್ ಡೌನ್’ ಎಂಬ ಮಾತು ಹರಿದಾಡಿತು. ಕಾರ್ಮಿಕರು ಪ್ರತಿಭಟಿಸಿದರು, ಅದೇ ವರ್ಷ ಉಕ್ಕಿನ ಸರಳುಗಳನ್ನು ತಯಾರಿಸುವ ವಿಭಾಗ ಮರಳಿ ಕೆಲಸ ಆರಂಭಿಸಿತು. ‘ಶಟ್ ಡೌನ್’ ಎಂದರೆ ದುರಸ್ತಿಗಾಗಿ ಕೆಲವು ದಿನ ನಿಲ್ಲಿಸುವುದೂ ಆಗಬಹುದು. ‘ಕ್ಲೋಸ್ ಡೌನ್’ ಎಂದರೆ ಸಾಮಾನ್ಯವಾಗಿ ಶಾಶ್ವತವಾಗಿ ಮುಚ್ಚುವುದು. ಬಟವಾಡೆಯನ್ನು ನೆಚ್ಚಿದ ಮನೆಗಳಿಗೆ ಈ ವ್ಯತ್ಯಾಸ ವ್ಯಾಕರಣದ ವಿಷಯವಲ್ಲ, ಅನ್ನದ ವಿಷಯ.

ಇದಕ್ಕೆ ಒಂದು ನಿದರ್ಶನ ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಓದುತ್ತಿದ್ದಳು. ಅವಳ ತಂದೆ ಒಂದು ಕಾರ್ಖಾನೆಯಲ್ಲಿ ಕೂಲಿಗಾರ. ಒಂದು ದಿನ ಕಾರ್ಖಾನೆಯ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದ ಪ್ರಕಟಣೆ ಕಾಣಿಸಿಕೊಂಡಿತು. ತಂದೆ ಅದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಮನೆಗೆ ತಂದು ಮಗಳ ಕೈಗಿತ್ತನು. ಅದರಲ್ಲಿ ‘ಲೇಡ್ ಆಫ್’ ಎಂಬ ಮಾತಿತ್ತು. ‘ಲೇ’ ಎಂದರೆ ಇಡು, ‘ಆಫ್’ ಎಂದರೆ ಆಚೆಗೆ ಎಂದು ಹುಡುಗಿ ನಿಘಂಟಿನಲ್ಲಿ ನೋಡಿದಳು, ಕೂಡಿಸಿದಳು. “ಅಪ್ಪಾ, ನಿನ್ನನ್ನು ಕೆಲಸದಿಂದ ತೆಗೆದುಹಾಕಿದ್ದಾರೆ” ಎಂದು ಅಳುತ್ತ ಹೇಳಿದಳು. ಇನ್ನು ಈ ಊರಿನ ಋಣ ತೀರಿತೆಂದು ತಿಳಿದ ಆತ ಮರುದಿನವೇ ಮಗಳ ವರ್ಗಾವಣೆ ಪತ್ರವನ್ನು ಕೇಳಿಕೊಂಡು ಶಾಲೆಗೆ ಬಂದನು. ತವರೂರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಅವಳ ಓದು ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮ ಶಾಲೆಯ ಇಂಗ್ಲಿಷ್ ಅಧ್ಯಾಪಕರು ಆ ಚೀಟಿಯನ್ನು ಕೇಳಿ ಪಡೆದು ಓದಿದರು. “ಇದು ತೆಗೆದುಹಾಕಿದ್ದಲ್ಲ ಮಾರಾಯರೇ. ಕಚ್ಚಾ ಮಾಲು ಬರುವ ತನಕ ಕೆಲಸ ಕೊಡಲಾಗುವುದಿಲ್ಲ ಎಂದು ಬರೆದಿದ್ದಾರೆ. ನಿಮ್ಮ ಹೆಸರು ಹಾಜರಿಪಟ್ಟಿಯಲ್ಲಿ ಹಾಗೆಯೇ ಇರುತ್ತದೆ” ಎಂದರು.

“ಹಾಗಾದರೆ ಮತ್ತೆ ಕರೀತಾರಾ ಮೇಷ್ಟ್ರೇ?” ಎಂದು ಆತ ಎರಡು ಸಲ ಕೇಳಿದನು. ಕೆಲವು ವಾರಗಳ ತರುವಾಯ ಕರೆ ಬಂದಿತು. ಹುಡುಗಿ ಶಾಲೆ ಬಿಡಲಿಲ್ಲ.

ಅಧ್ಯಾಪಕರು ಹೇಳಿದ ಮಾತಿಗೆ ಶಾಸನದ ಬಲವಿತ್ತು. 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ತಿದ್ದುಪಡಿಯಾದಾಗ ‘ಲೇ ಆಫ್’ ಎಂಬುದರ ಅರ್ಥವನ್ನು ಸ್ಪಷ್ಟಪಡಿಸಲಾಯಿತು. ಕಲ್ಲಿದ್ದಲು, ವಿದ್ಯುತ್ತು ಅಥವಾ ಕಚ್ಚಾ ಸಾಮಗ್ರಿಯ ಅಭಾವ, ಸರಕಿನ ಅತಿಯಾದ ದಾಸ್ತಾನು, ಯಂತ್ರಗಳು ಕೆಟ್ಟು ನಿಲ್ಲುವುದು ಮುಂತಾದ ಕಾರಣಗಳಿಂದ, ಹಾಜರಿಪಟ್ಟಿಯಲ್ಲಿ ಹೆಸರಿರುವ ಕಾರ್ಮಿಕನಿಗೆ ಮಾಲೀಕನು ಕೆಲಸ ಒದಗಿಸಲಾರದಿರುವುದೇ ‘ಲೇ ಆಫ್’. ನಿಯಮಕ್ಕೆ ಒಳಪಟ್ಟ ಕಾರ್ಮಿಕನಿಗೆ ಆ ಅವಧಿಯಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧದಷ್ಟು ಪರಿಹಾರವನ್ನೂ ಕಾಯಿದೆ ವಿಧಿಸಿತು. ಆ ಕಾಯಿದೆಯ ಸ್ಥಾನದಲ್ಲಿ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಅರ್ಥವನ್ನು ಉಳಿಸಿಕೊಂಡಿದೆ. ಆದರೆ ಅಮೆರಿಕದ ಬಳಕೆಯಲ್ಲಿ ‘ಲೇ ಆಫ್’ ಎಂದರೆ ಬಹುಮಟ್ಟಿಗೆ ಕೆಲಸದಿಂದ ತೆಗೆದುಹಾಕುವುದೇ ಆಗಿದೆ. ನಮ್ಮ ವೃತ್ತಪತ್ರಿಕೆಗಳಲ್ಲಿಯೂ ಆ ಅರ್ಥ ಕಾಣಿಸಿಕೊಳ್ಳುತ್ತಿದೆ. ಆದುದರಿಂದ ಮಾತನ್ನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಬಳಸಿದ್ದಾರೆ ಎಂಬುದನ್ನೂ ನೋಡಬೇಕು. ಆ ಹುಡುಗಿಯನ್ನು ದಡ್ಡಿಯೆನ್ನುವಂತಿಲ್ಲ. ಅವಳಿಗೆ ಎರಡು ನದಿಗಳೂ ಗೊತ್ತಿದ್ದವು, ಕೂಡಲಿ ಗೊತ್ತಿರಲಿಲ್ಲ.

ಜೋಡುಕ್ರಿಯೆಗಳ ಬಳಕೆಯಲ್ಲಿ ಗಮನಿಸಬೇಕಾದ ಒಂದು ನಿಯಮವುಂಟು. ಕೆಲವು ಜೋಡಿಗಳ ನಡುವೆ ಕರ್ಮಪದ ಬಂದು ಕುಳಿತುಕೊಳ್ಳಬಹುದು. ‘ಪುಟ್ ಆಫ್ ದಿ ಟೆಸ್ಟ್’ ಎಂದರೂ ಸರಿ, ‘ಪುಟ್ ದಿ ಟೆಸ್ಟ್ ಆಫ್’ ಎಂದರೂ ಸರಿ. ಆದರೆ ಇಂಥ ಜೋಡಿಗಳಲ್ಲಿ ಕರ್ಮವು ಸರ್ವನಾಮವಾದರೆ ಅದು ನಡುವೆಯೇ ಬರಬೇಕು: ‘ಪುಟ್ ಇಟ್ ಆಫ್’ ಎಂಬುದು ಸರಿ, ‘ಪುಟ್ ಆಫ್ ಇಟ್’ ಎಂಬುದು ತಪ್ಪು. ‘ಲುಕ್ ಆಫ್ಟರ್’ನಂಥ ಜೋಡಿಗಳು ಮಾತ್ರ ತಮ್ಮ ನಡುವೆ ಕರ್ಮಪದಕ್ಕೆ ಎಡೆಗೊಡುವುದಿಲ್ಲ: ‘ಶಿ ಲುಕ್ಸ್ ಆಫ್ಟರ್ ದೆಮ್’ ಎಂದೇ ಹೇಳಬೇಕು.

ಹಾಗಾದರೆ ಇವುಗಳನ್ನು ಕಲಿಯುವ ಬಗೆ ಹೇಗೆ? ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥ. ‘ಗೆಟ್’ ಎಂಬ ಪದಕ್ಕೆ ಸೇರಿದ ಇಪ್ಪತ್ತು ಜೋಡಿಗಳನ್ನು ಒಂದೇ ರಾತ್ರಿ ಓದಿದವನು ಬೆಳಗಾಗುವುದರೊಳಗೆ ಎಲ್ಲವನ್ನೂ ಕಲಸಿಬಿಡುತ್ತಾನೆ. ಅದರ ಬದಲು, ಓದುವಾಗ ಎದುರಾದ ಒಂದೊಂದು ಜೋಡಿಯನ್ನೂ ಅದು ಬಂದ ವಾಕ್ಯಸಮೇತ ಬರೆದಿಡಿರಿ. ಪಕ್ಕದಲ್ಲಿ ಅದಕ್ಕೆ ಸರಿಹೊಂದುವ ಕನ್ನಡದ ನುಡಿಗಟ್ಟನ್ನು ಬರೆಯಿರಿ: ‘ಗಿವ್ ಅಪ್’ ಎಂಬುದಕ್ಕೆ ‘ಕೈಬಿಡು’, ‘ಲೆಟ್ ಡೌನ್’ ಎಂಬುದಕ್ಕೆ ‘ಕೈಕೊಡು’, ‘ಗೆಟ್ ಆನ್ ವಿತ್’ ಎಂಬುದಕ್ಕೆ ‘ಹೊಂದಿಕೊಂಡು ಹೋಗು’. ಬಳಿಕ ನಿಮ್ಮ ಊರಿನ, ನಿಮ್ಮ ಮನೆಯ ವಿಷಯವಾಗಿ ಒಂದು ಸ್ವಂತ ವಾಕ್ಯವನ್ನು ರಚಿಸಿರಿ. ಸ್ವಂತ ವಾಕ್ಯದಲ್ಲಿ ಒಮ್ಮೆ ದುಡಿದ ಮಾತು ಮರೆತುಹೋಗುವುದು ಅಪರೂಪ. ನಿಘಂಟನ್ನು ನೋಡುವಾಗಲೂ ಕ್ರಿಯಾಪದದ ಮೊದಲ ಅರ್ಥವನ್ನು ಕಂಡೊಡನೆ ಪುಸ್ತಕ ಮುಚ್ಚಬೇಡಿರಿ. ಅದರ ಕೆಳಗೆ ಕಿರುಪದಗಳೊಡನೆ ಬರುವ ಅರ್ಥಗಳನ್ನೂ ಓದಿರಿ.

ಪರಭಾಷೆಯನ್ನು ಹೀಗೆ ಕಲಿಯುವವನಿಗೆ ಇನ್ನೊಂದು ಲಾಭವೂ ಇದೆ. ಇಷ್ಟು ದಿನ ಗಮನಿಸದೆ ಆಡುತ್ತಿದ್ದ ತಾಯ್ನುಡಿಯ ಮಾತುಗಳ ಚೆಲುವು ಅವನಿಗೆ ಹೊಸದಾಗಿ ಕಾಣತೊಡಗುತ್ತದೆ. ‘ಕೈಬಿಡು’ ಎಂಬ ಮಾತಿನಲ್ಲಿ ಕೈಯೂ ಇದೆ, ಬಿಡುವುದೂ ಇದೆ, ಇವೆರಡರಲ್ಲಿಯೂ ಇಲ್ಲದ ಮೂರನೆಯದೊಂದೂ ಇದೆ. ಆ ಮೂರನೆಯದನ್ನು ಗುರುತಿಸಬಲ್ಲವನೇ ಭಾಷೆಯನ್ನು ಬಲ್ಲವನು.

ಪದಗಳ ಅರ್ಥ
ಅವ್ಯಯ – ಲಿಂಗ, ವಚನ, ವಿಭಕ್ತಿಗಳಿಂದ ರೂಪಭೇದ ಹೊಂದದ ಪದ
ಉಪಸರ್ಗ – ಧಾತುವಿನ ಮುಂದೆ ಸೇರಿ ಅರ್ಥವನ್ನು ಬದಲಾಯಿಸುವ ಅಂಶ
ಊದುಕುಲುಮೆ – ಗಾಳಿಯನ್ನು ಊದಿ ಅದಿರನ್ನು ಕರಗಿಸುವ ದೊಡ್ಡ ಕುಲುಮೆ
ಬಟವಾಡೆ – ಸಂಬಳದ ಹಂಚಿಕೆ
ದಾಸ್ತಾನು – ಕೂಡಿಟ್ಟ ಸರಕು

ಅಭ್ಯಾಸ
ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ತುಂಗೆ ಮತ್ತು ಭದ್ರೆ ಎಲ್ಲಿ ಸಂಗಮಿಸುತ್ತವೆ?
2. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಸೂಚಿಸಿದವರು ಯಾರು?
ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಉದ್ದ ಪದಗಳಿಗಿಂತ ಜೋಡುಕ್ರಿಯೆಗಳು ನಮ್ಮ ವಿದ್ಯಾರ್ಥಿಗಳಿಗೆ ಕಷ್ಟವಾಗುವುದೇಕೆ?
2. ‘ಅವಳಿಗೆ ಎರಡು ನದಿಗಳೂ ಗೊತ್ತಿದ್ದವು, ಕೂಡಲಿ ಗೊತ್ತಿರಲಿಲ್ಲ’ – ಈ ಮಾತನ್ನು ವಿವರಿಸಿರಿ.
ಇ. ಕೈಹಾಕು, ಕೈಮೀರು, ಕಿವಿಗೊಡು, ಬಿಟ್ಟುಕೊಡು – ಇವುಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.
ಈ. ‘ಹಿಡಿ’ ಎಂಬ ಕ್ರಿಯಾಪದ ಸೇರಿರುವ ಐದು ನುಡಿಗಟ್ಟುಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿರಿ.