ಹಿಮೋಗ್ಲೋಬಿನ್ ಕಡಿಮೆ ಅಂದ್ರೆ ಏನು ಕಡಿಮೆ?

ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದಾಗಲೆಲ್ಲ ಒಂದಷ್ಟು ಜನ ರಕ್ತ ಕೊಡದೆ ವಾಪಸ್ ಬರ್ತಾರೆ. ಡೆಸಿಲೀಟರಿಗೆ 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು ಅನ್ನೋದು ನಿಯಮ. ಅವರಿಗೆ ಅಷ್ಟು ಇರೋದಿಲ್ಲ. ಕೆಲವರು ನೇರ ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಆ ವಿಷಯವನ್ನೇ ಮರೆತುಬಿಡ್ತಾರೆ. ಅದು ಮರೆಯುವಂಥ ವಿಷಯವೇ ಅಂತ ಲೆಕ್ಕ ಹಾಕಿ ನೋಡೋಣ.

ದೊಡ್ಡವರ ಮೈಯಲ್ಲಿ ಸುಮಾರು 25 ಲಕ್ಷ ಕೋಟಿ ಕೆಂಪು ರಕ್ತಕಣಗಳಿರುತ್ತವೆ. ಒಂದೊಂದರ ಆಯಸ್ಸು ಸುಮಾರು 120 ದಿನ. ಭಾಗಿಸಿ ನೋಡಿ: ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳು ಹುಟ್ಟಬೇಕು. ಇವು ಹುಟ್ಟೋದು ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ, ಸೊಂಟದ ಮೂಳೆಗಳ ಒಳಗಿನ ಅಸ್ಥಿಮಜ್ಜೆಯಲ್ಲಿ. ಅಲ್ಲಿನ ಆಕರಕೋಶ ಹಂತಹಂತವಾಗಿ ವಿಭಜನೆಯಾಗುತ್ತಾ, ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತಾ, ಕೊನೆಗೆ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ತಳ್ಳುತ್ತದೆ. ಮೈಟೋಕಾಂಡ್ರಿಯಾ ಕೂಡ ಉಳಿಯೋದಿಲ್ಲ. ಹಾಗಾಗಿ ತಾನು ಹೊತ್ತ ಆಮ್ಲಜನಕವನ್ನು ತಾನೇ ಖರ್ಚು ಮಾಡೋದಿಲ್ಲ.

ಎಷ್ಟು ತಯಾರಾಗಬೇಕು ಅಂತ ನಿರ್ಧರಿಸೋದು ಮೂತ್ರಪಿಂಡ. ಅಲ್ಲಿಗೆ ಬರುವ ಆಮ್ಲಜನಕ ಕಡಿಮೆಯಾದರೆ ಎರಿಥ್ರೋಪೊಯಿಟಿನ್ ಎಂಬ ಹಾರ್ಮೋನ್ ಹೆಚ್ಚುತ್ತದೆ, ಅಸ್ಥಿಮಜ್ಜೆ ಉತ್ಪಾದನೆ ಏರಿಸುತ್ತದೆ. ಆಮ್ಲಜನಕ ಸಾಕಾದರೆ ಹಾರ್ಮೋನ್ ಇಳಿಯುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಇದು ನೆಗೆಟಿವ್ ಫೀಡ್‌ಬ್ಯಾಕ್.

ಒಂದು ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು. ಪ್ರತಿ ಅಣುವಿನಲ್ಲಿ 4 ಕಬ್ಬಿಣದ ಪರಮಾಣು. ಒಂದೊಂದಕ್ಕೆ ಒಂದು ಆಮ್ಲಜನಕದ ಅಣು ಅಂಟಿಕೊಳ್ಳುತ್ತದೆ. ಮೊದಲನೆಯದು ಅಂಟಿದರೆ ಉಳಿದವು ಅಂಟೋದು ಸುಲಭ. ಶ್ವಾಸಕೋಶದಲ್ಲಿ ಶೇ. 97ರಷ್ಟು ತುಂಬಿಕೊಂಡ ರಕ್ತ, ನಾವು ಸುಮ್ಮನೆ ಕೂತಿದ್ದಾಗ ಶೇ. 75ರಷ್ಟನ್ನು ಉಳಿಸಿಕೊಂಡೇ ವಾಪಸ್ ಬರುತ್ತದೆ. ಓಡುವಾಗ ಸ್ನಾಯುಗಳಲ್ಲಿ ಕಾರ್ಬನ್ ಡೈಆಕ್ಸೈಡ್, ಆಮ್ಲ, ಬಿಸಿ ಹೆಚ್ಚುತ್ತವೆ. ಆಗ ಹಿಮೋಗ್ಲೋಬಿನ್ನಿನ ಹಿಡಿತ ಸಡಿಲವಾಗಿ, ಬೇಕಾದ ಕಡೆಯೇ ಹೆಚ್ಚು ಆಮ್ಲಜನಕ ಇಳಿಯುತ್ತದೆ. ಕಾರ್ಬನ್ ಡೈಆಕ್ಸೈಡಿನ ಈ ಪರಿಣಾಮವನ್ನು 1904ರಲ್ಲಿ ತಿಳಿಸಿದವರು ಕ್ರಿಶ್ಚಿಯನ್ ಬೋರ್. ನಾವು ಓದುವ ಪರಮಾಣು ಮಾದರಿಯ ನೀಲ್ಸ್ ಬೋರ್ ಇವರ ಮಗ.

ಈಗ ಮುಖ್ಯ ಲೆಕ್ಕ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. ಡೆಸಿಲೀಟರಿಗೆ 15 ಗ್ರಾಂ ಇದ್ದರೆ, ಒಂದು ಲೀಟರ್ ರಕ್ತದಲ್ಲಿ ಸುಮಾರು 200 ಮಿಲಿಲೀಟರ್. 10 ಗ್ರಾಂ ಇದ್ದರೆ 134 ಮಾತ್ರ. ಮೂರರಲ್ಲೊಂದು ಪಾಲು ಹೋಯ್ತು! ಆ ಕೊರತೆ ತುಂಬಲು ಹೃದಯ ಜಾಸ್ತಿ ದುಡಿಯಬೇಕು. ಮೂರನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಕ್ಲಾಸಿನಲ್ಲಿ ಸುಸ್ತು. ನಾವದನ್ನು ಸೋಮಾರಿತನ ಅಂದುಕೊಳ್ತೇವೆ.

ಹೊಸ ಕಣಗಳಿಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಬಹುಪಾಲು ಸತ್ತ ಕಣಗಳಿಂದಲೇ ವಾಪಸ್ ಸಿಗುತ್ತದೆ. ಗುಲ್ಮ ಮತ್ತು ಯಕೃತ್ತು ಆ ಕೆಲಸ ಮಾಡುತ್ತವೆ. ಊಟದಿಂದ ಹೀರಿಕೊಳ್ಳೋದು 1–2 ಮಿಲಿಗ್ರಾಂ ಅಷ್ಟೇ. ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹೆಣ್ಣುಮಕ್ಕಳಿಗೆ ಈ ಸಣ್ಣ ಪಾಲೇ ದೊಡ್ಡದು. ಊಟದ ಜೊತೆ ಟೀ ಕುಡಿದರೆ ಅದೂ ಕಡಿಮೆಯಾಗುತ್ತದೆ. ಸೊಪ್ಪು, ಕಾಳಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಹೆಚ್ಚುತ್ತದೆ.

ಆದರೆ ಕಾರಣ ಕಬ್ಬಿಣದ ಕೊರತೆಯೇ ಆಗಿರಬೇಕೆಂದಿಲ್ಲ. ಬಿ12 ಕೊರತೆ, ಥಲಸ್ಸೀಮಿಯಾ ಕೂಡ ಇರಬಹುದು. ಆದ್ದರಿಂದ ಮಾತ್ರೆಯನ್ನು ನೀವೇ ತೆಗೆದುಕೊಳ್ಳಬೇಡಿ. ಶಿಬಿರದಲ್ಲಿ "ಈ ಸಲ ಬೇಡ" ಅಂದರೆ, ಅದೇ ವಾರ ಡಾಕ್ಟರ ಹತ್ತಿರ ಹೋಗಿ ರಕ್ತಪರೀಕ್ಷೆ ಮಾಡಿಸಿ.